ರಾತ್ರಿ ಸುಮ್ಸುಮ್ನೆ ಕೂಗೋ ಕಾರ್ ಅಲಾರಂ, ಇಳಿದು ಹೋಗೋ ಬ್ಯಾಟರಿ, ಎರಡೇ ಸೆಕೆಂಡಿಗೆ ಆಫ್ ಆಗೋ ರಿಮೋಟ್ ಸ್ಟಾರ್ಟ್: ಎಲ್ಲಿಂದ ಹುಡುಕ್ಬೇಕು

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಚಿಕ್ಕಪ್ಪ ಫೋನ್ ಮಾಡಿ "ಮಾರಾಯ, ಈ ಕಾರು ರಾತ್ರಿ ನಿದ್ದೆ ಮಾಡಕ್ಕೆ ಬಿಡ್ತಾ ಇಲ್ಲ, ಮಳೆ ಜೋರಾದ್ರೆ ಸಾಕು ಹೊಡ್ಕೊಳ್ಳಕ್ಕೆ ಶುರು ಮಾಡ್ತದೆ, ಪಕ್ಕದ ಮನೆಯವ್ರಿಗೆ ಮುಖ ತೋರಿಸೋ ಹಾಗಿಲ್ಲ, ಒಂದ್ಸಲ ಬಂದು ನೋಡು" ಅಂದ್ರು. ಗಾಡಿ 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್, 35 ಆಂಪಿಯರ್ ಅವರ್ ಬ್ಯಾಟರಿ. ಆರು ತಿಂಗಳ ಹಿಂದೆ ಒಂದು ಆಕ್ಸೆಸರಿ ಅಂಗಡಿಯಲ್ಲಿ ಅಲಾರಂ, ಸೆಂಟ್ರಲ್ ಲಾಕ್, ರಿಮೋಟ್ ಸ್ಟಾರ್ಟ್ ಎಲ್ಲ ಒಂದೇ ಬಾಕ್ಸಿನಲ್ಲಿರೋ ಕಿಟ್ ಹಾಕಿಸಿದ್ರು. ನಾನು ಹೋಗೋ ಹೊತ್ತಿಗೆ ಕಂಪ್ಲೇಂಟ್ ಮೂರಾಗಿತ್ತು: ರಾತ್ರಿ ಸುಮ್ಮನೆ ಸೈರನ್, ನಾಲ್ಕೈದು ದಿನ ನಿಲ್ಲಿಸಿದ್ರೆ ಬ್ಯಾಟರಿ ಡೌನ್, ರಿಮೋಟ್ ಒತ್ತಿದ್ರೆ ಇಂಜಿನ್ ಸ್ಟಾರ್ಟ್ ಆಗಿ ಎರಡು ಸೆಕೆಂಡಿಗೆ ಆಫ್. ಅಂಗಡಿಯವರು ಅಷ್ಟರಲ್ಲಿ ಬಾಕ್ಸನ್ನ ಒಂದು ಸಲ, ಶಾಕ್ ಸೆನ್ಸರನ್ನ (ಗಾಡಿಗೆ ಏಟು ಬಿದ್ರೆ, ಅಲುಗಿದ್ರೆ ಪತ್ತೆ ಹಚ್ಚೋದು) ಎರಡು ಸಲ ಬದಲಾಯಿಸಿ ಕೊಟ್ಟಿದ್ರು, ಗಾಡಿ ಮಾತ್ರ ಹಾಗೇ ಇತ್ತು.

ನಾನು ಇಷ್ಟು ಉದ್ದ ಬರೀತಿರೋದೇ ಇದಕ್ಕೆ. ಇಂಥ ಕಿಟ್‌ಗಳಲ್ಲಿ ಬಾಕ್ಸೇ ಕೆಟ್ಟಿರೋದು ಬಹಳ ಅಪರೂಪ, ದೋಷ ಇರೋದು ಬಾಕ್ಸಿಗೆ ಬರೋ ವೈರಲ್ಲಿ, ಜಾಯಿಂಟಲ್ಲಿ, ಅರ್ಥ್ ವೈರಲ್ಲಿ (ಗಾಡಿಯ ಬಾಡಿಗೆ ಸೇರೋ ನೆಗೆಟಿವ್), ಇಲ್ಲಾ ಫಿಟ್ ಮಾಡಿದವರು ಅವಸರದಲ್ಲಿ ಎಲ್ಲೋ ಒಂದು ವೈರು ತಪ್ಪು ಜಾಗಕ್ಕೆ ಕೊಟ್ಟಿರ್ತಾರೆ ನೋಡಿ, ಅಲ್ಲಿ. ಮೀಟರ್ ಇಡದೆ ಪಾರ್ಟ್ ಬದಲಾಯಿಸೋದು ಅಂದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಕೈ ಹಾಕೋ ಮುಂಚೆ

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು, 10 ಆಂಪಿಯರ್ ರೇಂಜ್ ಇರೋದು. ಬಲ್ಬ್ ಇರೋ ಹಳೇ ಟೆಸ್ಟ್ ಲ್ಯಾಂಪ್ ಈಗಿನ ಗಾಡಿಗಳಲ್ಲಿ ಬಳಸಬೇಡಿ, ಆ ಬಲ್ಬ್ ಎಳೆಯೋ ಕರೆಂಟಿಗೆ ಇಸಿಯು (ಗಾಡಿ ಒಳಗಿನ ಕಂಪ್ಯೂಟರ್) ಕಡೆಯ ಸಣ್ಣ ಸಿಗ್ನಲ್ ವೈರುಗಳು ತಡ್ಕೊಳ್ಳಲ್ಲ. ಸ್ಟೇರಿಂಗ್ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಅಥವಾ ಹಳದಿ ಸ್ಲೀವ್ ಕಂಡ್ರೆ ಅದು ಏರ್‌ಬ್ಯಾಗಿಂದು, ಅದಕ್ಕೆ ಮೀಟರ್ ಪ್ರೋಬ್ ಕೂಡ ತಾಗಿಸಬಾರದು. ವೈರ್ ಕತ್ತರಿಸೋದು, ಸೇರಿಸೋದು ಏನೇ ಇದ್ರೂ ಬ್ಯಾಟರಿ ನೆಗೆಟಿವ್ ಬಿಚ್ಚಿಯೇ ಮಾಡಿ.

ಮೊದಲನೇ ಅಳತೆ ಬ್ಯಾಟರಿದೇ. ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡೋ ಮುಂಚೆ, ಬಾಗಿಲು ತೆಗೆಯೋದೂ ಬೇಡ, ಟರ್ಮಿನಲ್ ಮೇಲೆ ಮೀಟರ್ ಇಡಿ. 12.6 ವೋಲ್ಟ್ ಇದ್ರೆ ಫುಲ್ ಚಾರ್ಜ್, 12.4 ಅಂದ್ರೆ ಸುಮಾರು ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಬಂದಿದ್ರೆ ಹೆಚ್ಚುಕಮ್ಮಿ ಖಾಲಿ ಅಂತ ಲೆಕ್ಕ. ಇಂಜಿನ್ ಓಡ್ತಾ ಇದ್ದಾಗ 13.8ರಿಂದ 14.4ರ ಒಳಗೆ ಇರಬೇಕು, ಇಲ್ಲಾಂದ್ರೆ ಆಲ್ಟರ್ನೇಟರ್ ಕಡೆ ನೋಡಿ, ಅಲಾರಂ ಮೇಲೆ ಗೂಬೆ ಕೂರಿಸಬೇಡಿ. ಬ್ಯಾಟರಿ ವೀಕ್ ಇದ್ರೆ ಅಲಾರಂ ತಾನಾಗೇ ಕೂಗೋದು, ಲಾಕ್ ಅರ್ಧ ಎಳೆಯೋದು, ರಿಮೋಟ್ ಸ್ಟಾರ್ಟ್ ಕೈಕೊಡೋದು ಎಲ್ಲ ಆಗುತ್ತೆ, ಹಾಗಾಗಿ ಇದು ಸರಿ ಇದೆ ಅಂತ ಖಾತ್ರಿ ಆಗೋವರೆಗೂ ಮುಂದಕ್ಕೆ ಹೋಗಬೇಡಿ. ಚಿಕ್ಕಪ್ಪನ ಗಾಡಿ ಐದು ದಿನ ನಿಂತಿತ್ತು, 12.1 ತೋರಿಸ್ತು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಾರನೇ ದಿನ ಕೆಲಸ ಶುರು ಮಾಡಿದೆ.

ಬ್ಯಾಟರಿ ತಿನ್ನೋದು ಯಾರು

ನೆಗೆಟಿವ್ ಟರ್ಮಿನಲ್ಲು ಮತ್ತೆ ಅದರ ಕೇಬಲ್ಲು, ಇವೆರಡರ ಮಧ್ಯೆ ಮೀಟರ್ ಸೀರೀಸಲ್ಲಿ ಹಾಕ್ಬೇಕು, 10 ಆಂಪಿಯರ್ ರೇಂಜಲ್ಲಿ. ಮೀಟರಿನ ಒಂದು ಕ್ಲಿಪ್ ಬ್ಯಾಟರಿ ಪೋಸ್ಟಿಗೆ, ಇನ್ನೊಂದು ಕ್ಲಿಪ್ ಕೇಬಲ್ ಕ್ಲ್ಯಾಂಪಿಗೆ ಮೊದಲೇ ಹಾಕ್ಕೊಂಡು ಆಮೇಲೆ ಕ್ಲ್ಯಾಂಪ್ ಎತ್ತಿ, ಆಗ ಸಪ್ಲೈ ಮಧ್ಯದಲ್ಲಿ ಕಟ್ ಆಗಲ್ಲ, ಅಲಾರಂ ರೀಸೆಟ್ ಆಗಿ ಕೂಗಲ್ಲ. ಮೀಟರ್ ಹೀಗಿರುವಾಗ ಕೀ ತಿರುಗಿಸಬೇಡಿ, ಸೆಲ್ಫ್ ಹೊಡೀಬೇಡಿ, ಸ್ಟಾರ್ಟರ್ ನೂರಕ್ಕಿಂತ ಜಾಸ್ತಿ ಆಂಪಿಯರ್ ಎಳೆಯುತ್ತೆ, ಮೀಟರಿನ ಫ್ಯೂಸ್ ಒಂದೇ ಏಟಿಗೆ ಹೋಗುತ್ತೆ. ಎಲ್ಲ ಮುಚ್ಚಿ 20ರಿಂದ 30 ನಿಮಿಷ ಬಿಡಿ, ಯಾಕಂದ್ರೆ ಗಾಡಿಯ ಇಸಿಯುಗಳು ನಿದ್ದೆಗೆ ಹೋಗಕ್ಕೆ ಟೈಮ್ ತಗೋತಾವೆ. ಆಮೇಲೆ 0.05 ಆಂಪಿಯರ್, ಅಂದ್ರೆ 50 ಮಿಲಿ ಆಂಪಿಯರ್ ಒಳಗೆ ಇದ್ರೆ ಸರಿ.

ನಂಗೆ 0.03 ಬಂತು. ಪರ್ಫೆಕ್ಟ್ ರೀಡಿಂಗ್. ಅಂಗಡಿಯವರೂ ಇಷ್ಟೇ ನೋಡಿ "ಡ್ರೈನ್ ಇಲ್ಲ ಸರ್, ನಿಮ್ಮ ಬ್ಯಾಟರಿ ಹಳೇದು" ಅಂತ ಹೇಳಿ ಕಳಿಸಿದ್ರಂತೆ. ಆದ್ರೆ ಗಾಡಿ ರಾತ್ರಿ ನಿಲ್ಲೋದು ಹೀಗಲ್ಲವಲ್ಲ, ಲಾಕ್ ಮಾಡಿ ಅಲಾರಂ ಆನ್ ಮಾಡಿ ನಿಲ್ಲೋದು. ಹಾಗಾಗಿ ನಾಲ್ಕೂ ಬಾಗಿಲು ಮುಚ್ಚಿದ ಹಾಗೇ ಇಟ್ಟು, ಬಾನೆಟ್ ತೆರೆದಿರೋದ್ರಿಂದ ಅದರ ಪಿನ್ ಸ್ವಿಚ್ಚನ್ನ ಟೇಪಲ್ಲಿ ಒತ್ತಿ ಕಟ್ಟಿ, ರಿಮೋಟಲ್ಲಿ ಲಾಕ್ ಮಾಡಿದೆ. ಎಲ್ಲೋ ಡ್ಯಾಶ್ ಒಳಗಿಂದ 'ಟಿಕ್' ಅಂತ ಒಂದು ಶಬ್ದ ಬಂತು, ಮೀಟರ್ 0.19ಕ್ಕೆ ಏರಿ ಅಲ್ಲೇ ನಿಂತ್ಕೊಂತು. ಅರ್ಧ ಗಂಟೆ ಕಾದ್ರೂ ಇಳೀಲಿಲ್ಲ. ಅನ್‌ಲಾಕ್ ಮಾಡಿದ ತಕ್ಷಣ ಇನ್ನೊಂದು 'ಟಿಕ್', ಮತ್ತೆ 0.03ರ ಕಡೆ ಇಳೀತು.

ಅಂದ್ರೆ ಲಾಕ್ ಮಾಡಿದಾಗ ಮಾತ್ರ 0.16 ಆಂಪಿಯರ್ ಜಾಸ್ತಿ. ಲೆಕ್ಕ ಹಾಕಿ, 0.16 ಇಂಟು 24 ಗಂಟೆ ಇಂಟು ಐದು ದಿನ ಅಂದ್ರೆ 19 ಆಂಪಿಯರ್ ಅವರ್ ಚಿಲ್ಲರೆ, 35ರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಯ್ತು. ಇನ್ನು 0.16 ಅನ್ನೋದು ಎಲೆಕ್ಟ್ರಿಷಿಯನ್‌ಗಳಿಗೆ ಗುರುತು ಸಿಗೋ ಸಂಖ್ಯೆ, ಸಾಮಾನ್ಯ ಕಾರ್ ರಿಲೇ (ಕರೆಂಟ್ ಕೊಟ್ರೆ ಎಳೆಯೋ ಸ್ವಿಚ್) ಒಳಗಿನ ಕಾಯಿಲ್ 75-80 ಓಮ್ ಇರುತ್ತೆ, 12 ವೋಲ್ಟಿಗೆ ಅದು ಎಳೆಯೋದು ಹತ್ರಹತ್ರ ಇಷ್ಟೇ. ಮತ್ತೆ ಲಾಕ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟೇರಿಂಗ್ ಕೆಳಗೆ ಕೈ ಹಾಕಿ ಒಂದೊಂದೇ ರಿಲೇ ಮುಟ್ಟಿ ನೋಡಿದೆ, ಒಂದು ಬೆಚ್ಚಗಿತ್ತು. ಅದು ಸ್ಟಾರ್ಟರ್ ಕಟ್ ರಿಲೇ. ಸೆಲ್ಫಿಗೆ ಹೋಗೋ ವೈರು 30 ಮತ್ತು 87ಎ ಪಿನ್ನುಗಳ ಮೂಲಕ ಹಾದು ಹೋಗ್ತದೆ, ಅಲಾರಂ ಆನ್ ಇದ್ದಾಗ ಬಾಕ್ಸು 85ಕ್ಕೆ ಅರ್ಥ್ ಕೊಡುತ್ತೆ, ಕಾಯಿಲ್ ಎಳೆದು ಸೆಲ್ಫ್ ಕಟ್ ಆಗುತ್ತೆ. ಇದರಲ್ಲಿ 86ನೇ ಪಿನ್ನಿಗೆ ಇಗ್ನಿಷನ್ ಆನ್ ವೈರ್ ಕೊಡಬೇಕು, ಆಗ ಕಳ್ಳ ಕೀ ತಿರುಗಿಸಿದಾಗ ಮಾತ್ರ ರಿಲೇ ಎಳೆಯುತ್ತೆ, ಉಳಿದ ಹೊತ್ತು ಸುಮ್ಮನಿರುತ್ತೆ. ಇವರು ಕೈಗೆ ಹತ್ರ ಸಿಕ್ತು ಅಂತ ನೇರ ಬ್ಯಾಟರಿ ಪಾಸಿಟಿವ್ ಕೊಟ್ಟಿದ್ರು, ರಾತ್ರಿಯೆಲ್ಲ ರಿಲೇ ಎಳ್ಕೊಂಡೇ ಇರ್ತಿತ್ತು. ಒಂದು ವೈರ್ ಬದಲಾಯಿಸಿದೆ, ಲಾಕ್ ಮಾಡಿದ್ರೂ 0.03 ದಾಟಲಿಲ್ಲ.

ನಿಮ್ಮ ಗಾಡಿಯಲ್ಲಿ ಡ್ರೈನ್ ಬೇರೆ ಕಡೆ ಇರಬಹುದು, ಆಗ ಫ್ಯೂಸುಗಳನ್ನ ಒಂದೊಂದೇ ಎಳೆದು ಯಾವುದು ತೆಗೆದಾಗ ಮೀಟರ್ ಇಳೀತು ಅಂತ ನೋಡಿ. ಆದ್ರೆ ಅಲಾರಂ ಆನ್ ಮಾಡಿಯೂ, ಮಾಡದೆಯೂ ಎರಡು ಸಲ ಅಳೀರಿ.

ಸೈರನ್ ಸುಮ್ಮನೆ ಕೂಗ್ತಾ ಇದ್ರೆ

ಎಲ್ಲರೂ ಮೊದಲು ಶಾಕ್ ಸೆನ್ಸರಿಗೆ ಬೈತಾರೆ. ಅದರದ್ದೂ ತಪ್ಪು ಇರುತ್ತೆ, ಇಲ್ಲ ಅಂತಲ್ಲ. ಡಬಲ್ ಟೇಪಲ್ಲಿ ಅಂಟಿಸಿರ್ತಾರೆ, ಬೇಸಿಗೆ ಬಿಸಿಲಿಗೆ ಟೇಪ್ ಬಿಟ್ಕೊಂಡು ಸೆನ್ಸರ್ ನೇತಾಡ್ತಾ ಇರುತ್ತೆ, ಲಾರಿ ಹೋದ್ರೂ ಕೂಗುತ್ತೆ, ದೀಪಾವಳಿಲಂತೂ ಕೇಳೋದೇ ಬೇಡ. ಸೆನ್ಸರನ್ನ ಗಟ್ಟಿ ಲೋಹದ ಬ್ರಾಕೆಟ್ಟಿಗೆ ಕೇಬಲ್ ಟೈ ಹಾಕಿ ಬಿಗೀರಿ, ಸೆನ್ಸಿಟಿವಿಟಿ ಸ್ಕ್ರೂ ಪೂರ್ತಿ ಕಮ್ಮಿ ಮಾಡಿ ಆಮೇಲೆ ಸ್ವಲ್ಪ ಸ್ವಲ್ಪ ಏರಿಸ್ತಾ ಬನ್ನಿ, ಅಂಗೈಯಲ್ಲಿ ಬಾಗಿಲಿನ ಕಂಬಕ್ಕೆ ಗುದ್ದಿದ್ರೆ ಕೂಗಬೇಕು, ಬೆರಳಲ್ಲಿ ತಟ್ಟಿದ್ರೆ ಕೂಗಬಾರದು, ಅಲ್ಲಿಗೆ ಬಿಟ್ಬಿಡಿ.

ಆದ್ರೆ ಸೆನ್ಸರ್ ತಪ್ಪೋ ಅಲ್ಲವೋ ಅಂತ ತಿಳಿಯಕ್ಕೆ ಬದಲಾಯಿಸೋ ಅಗತ್ಯವೇ ಇಲ್ಲ. ಬಾಕ್ಸಿಂದ ಅದರ ಸಾಕೆಟ್ ಕಿತ್ತು ಒಂದು ರಾತ್ರಿ ಬಿಡಿ. ಆಗಲೂ ಕೂಗಿದ್ರೆ ಸೆನ್ಸರ್ ನಿರಪರಾಧಿ, ಇನ್ನು ಉಳಿದಿದ್ದು ಬಾಗಿಲು, ಡಿಕ್ಕಿ ಮತ್ತೆ ಬಾನೆಟ್ ಸ್ವಿಚ್. ಚಿಕ್ಕಪ್ಪನ ಗಾಡಿ ಸೆನ್ಸರ್ ಕಿತ್ತ ರಾತ್ರಿಯೂ ಎರಡೂವರೆಗೆ ಎದ್ದು ಕೂತ್ಕೊಳ್ಳೋ ಹಾಗೆ ಕೂಗ್ತು. ಹೊರಗೆ ಧಾರಾಕಾರ ಮಳೆ.

ಮಳೆ ಬಂದಾಗ ಮಾತ್ರ ಕೂಗೋದು ಅಂದ್ರೆ ನನ್ನ ಅನುಮಾನ ಹೋಗೋದು ನೇರ ಬಾನೆಟ್ ಪಿನ್ ಸ್ವಿಚ್ ಮೇಲೆ. ಎರಡು ಬೆರಳು ಅಗಲದ ಸಣ್ಣ ಸಾಮಾನು, ಬಾನೆಟ್ ಮುಚ್ಚಿದಾಗ ಪಿನ್ ಒತ್ತಿ ಕಾಂಟ್ಯಾಕ್ಟ್ ಬಿಟ್ಕೋಬೇಕು, ತೆರೆದಾಗ ವೈರು ಬಾಡಿ ಅರ್ಥಿಗೆ ಸೇರಬೇಕು, ಅಷ್ಟೇ ಅದರ ಕೆಲಸ. ಇವರು ಅದನ್ನ ವೈಪರ್ ಕೆಳಗಿನ ನೀರು ಹರಿಯೋ ಕಾಲುವೆಯಲ್ಲೇ ಕೂರಿಸಿದ್ರು. ಬೆಳಿಗ್ಗೆ ಬಿಚ್ಚಿ ನೋಡಿದ್ರೆ ಪಿನ್ ಮೇಲೆ ಕೆಂಪು ತುಕ್ಕು ಪುಡಿಪುಡಿಯಾಗಿ ಕೂತಿದೆ, ರಬ್ಬರ್ ಟೋಪಿ ಒಳಗೆ ಹನಿ ನೀರು, ಅದರ ಜೊತೆ ಪಕ್ಕದ ಮರದ್ದು ಒಂದು ಒಣಗಿದ ಹೂವಿನ ಎಸಳು. ವೈರ್ ಬಿಡಿಸಿ ಪಿನ್ ಒತ್ತಿ ಹಿಡಿದು ಓಮ್ ರೇಂಜಲ್ಲಿ ನೋಡಿದೆ, ಓಪನ್ (ಕಾಂಟ್ಯಾಕ್ಟ್ ಇಲ್ಲ) ಅಂತ ತೋರಿಸಬೇಕಾದ ಮೀಟರ್ ಎರಡು ಮೂರು ಕಿಲೋ ಓಮಲ್ಲಿ ಅತ್ತಿತ್ತ ಓಡಾಡ್ತಾ ಇತ್ತು. ಅದೇ ಸ್ವಿಚ್ಚನ್ನ ಬಟ್ಟೆಲಿ ಒರೆಸಿ ಮಧ್ಯಾಹ್ನ ಒಣಗಿದ ಮೇಲೆ ನೋಡಿದ್ರೆ ಪೂರ್ತಿ ಓಪನ್. ಹಗಲಲ್ಲಿ ಅಂಗಡಿಗೆ ಹೋದಾಗೆಲ್ಲ ಗಾಡಿ ಸರಿ ಇರ್ತಿದ್ದು ಇದಕ್ಕೇ. ಹೊಸ ಸ್ವಿಚ್ ನೂರು ರೂಪಾಯಿ ಒಳಗೆ ಸಿಕ್ತು, ಜಾಗ ಬದಲಾಯಿಸಿ ನೀರು ನಿಲ್ಲದ ಕಡೆ ಹಾಕಿ, ಸ್ಕ್ರೂ ಕೂರೋ ಕಡೆ ಪೇಂಟ್ ಕೆರೆದು, ಗ್ರೀಸ್ ಸವರಿದೆ. ಆಮೇಲೆ ಮಳೆಗೆ ಕಾಯದೆ ಎರಡು ಚೊಂಬು ನೀರು ಹುಯ್ದು ಟೆಸ್ಟ್ ಮಾಡಿದೆ, ಸುಮ್ಮನಿತ್ತು. ಮಲೆನಾಡಲ್ಲಿ, ಕರಾವಳಿಲಿ ಅಲಾರಂ ಹಾಕಿಸೋರು ಈ ಒಂದು ಸ್ವಿಚ್ ಎಲ್ಲಿ ಕೂರಿಸ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ ದಯವಿಟ್ಟು.

ಬಾಗಿಲಿನ ವಿಷಯ ಬೇಗ ಹೇಳ್ತೀನಿ. ಲಾಕ್ ಮಾಡಿದ್ರೆ ಅಲಾರಂ ಆನ್ ಆಗದೆ ಬಾಗಿಲು ತೆರೆದಿದೆ ಅಂತ ಬೀಪ್ ಕೊಡ್ತಿದ್ರೆ, ಬಾಗಿಲ ವೈರನ್ನ ಒಳಗಿನ ರೂಫ್ ಲೈಟ್ ವೈರಿಂದ ತಗೊಂಡಿದ್ದಾರಾ ನೋಡಿ, ಆ ಲೈಟ್ ನಿಧಾನಕ್ಕೆ ಆರೋ ಗಾಡಿಗಳಲ್ಲಿ ಅದು ಪೂರ್ತಿ ಆರೋವರೆಗೂ ಬಾಕ್ಸಿಗೆ ಬಾಗಿಲು ತೆರೆದ ಹಾಗೇ ಕಾಣುತ್ತೆ. ನಾಲ್ಕು ಬಾಗಿಲಿನ ಸ್ವಿಚ್ಚನ್ನ ಒಂದೇ ಇನ್‌ಪುಟ್‌ಗೆ ಸೇರಿಸೋದಾದ್ರೆ ಪ್ರತಿಯೊಂದಕ್ಕೂ ಒಂದು 4007 ಡಯೋಡ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋದು) ಹಾಕಿ, ನೆಗೆಟಿವ್ ಟ್ರಿಗರ್ (ಬಾಗಿಲು ತೆರೆದಾಗ ವೈರು ಅರ್ಥಿಗೆ ಸೇರೋದು) ಆಗಿದ್ರೆ ಬಿಳಿ ಪಟ್ಟೆ ಇರೋ ತುದಿ ಸ್ವಿಚ್ ಕಡೆ ಇರಬೇಕು. ಇನ್ನು ಅಲಾರಂ ಏನು ಒತ್ತಿದ್ರೂ ಆನ್ ಆಗ್ತಾನೇ ಇಲ್ಲ, ಎಲ್‌ಇಡಿ ಮಿನುಗದೆ ಒಂದೇ ಸಮ ಉರೀತಿದೆ ಅಂದ್ರೆ ವ್ಯಾಲೆ ಮೋಡಲ್ಲಿ (ಅಲಾರಂ ತಾತ್ಕಾಲಿಕವಾಗಿ ಬಂದ್ ಮಾಡಿಡೋದು) ಸಿಕ್ಕಿಹಾಕ್ಕೊಂಡಿರಬಹುದು, ಸರ್ವಿಸಿಗೆ ಕೊಟ್ಟಾಗ ಯಾರೋ ಆ ಸ್ವಿಚ್ ಒತ್ತಿ ಮರೆತಿರ್ತಾರೆ.

ರಿಮೋಟ್ ಅರ್ಧ ರೇಂಜಿಗೆ ಬಂದಿದ್ರೆ ಮೊದಲು ಅದರ ಸೆಲ್ ಬದಲಾಯಿಸಿ. ಆಮೇಲೆ ಬಾಕ್ಸಿಂದ ಹೊರಗೆ ಬರೋ ಒಂಟಿ ಆಂಟೆನಾ ವೈರ್ ನೋಡಿ, 433 ಮೆಗಾಹರ್ಟ್ಸ್ ರಿಮೋಟಿಗೆ ಅದು ಸುಮಾರು 17 ಸೆಂಟಿಮೀಟರ್ ಇರುತ್ತೆ, ಉದ್ದ ಜಾಸ್ತಿ ಆಯ್ತು ಅಂತ ಕತ್ತರಿಸೋರು, ಸುತ್ತಿ ಕಬ್ಬಿಣದ ಹಿಂದೆ ತುರುಕೋರು ಇದ್ದಾರೆ. ಅದನ್ನ ನೆಟ್ಟಗೆ ಬಿಚ್ಚಿ ಲೋಹದಿಂದ ದೂರ ಇಟ್ರೆ ರೇಂಜ್ ವಾಪಸ್ ಬರುತ್ತೆ.

ಎರಡು ಸೆಕೆಂಡಿಗೆ ಆಫ್ ಆಗೋ ರಿಮೋಟ್ ಸ್ಟಾರ್ಟ್

ಇಲ್ಲಿ ಎರಡು ಕಾರಣ ಒಂದೇ ಥರ ಕಾಣ್ತಾವೆ. ಒಂದು, ಗಾಡಿಯ ಇಮೊಬಿಲೈಸರ್ (ಕಳ್ಳತನ ತಡೆಯೋ ವ್ಯವಸ್ಥೆ), ಕೀ ಒಳಗಿನ ಚಿಪ್ ಸಿಗಲಿಲ್ಲ ಅಂತ ಪೆಟ್ರೋಲ್ ನಿಲ್ಲಿಸೋದು. ಇನ್ನೊಂದು, ಇಂಜಿನ್ ಸ್ಟಾರ್ಟ್ ಆಗಿದೆ ಅನ್ನೋದೇ ರಿಮೋಟ್ ಸ್ಟಾರ್ಟ್ ಬಾಕ್ಸಿಗೆ ಗೊತ್ತಾಗದೆ ಅದೇ ಇಗ್ನಿಷನ್ ಬಿಟ್ಬಿಡೋದು.

ಬೇರೆ ಮಾಡಕ್ಕೆ ಸುಲಭ ದಾರಿ ಇದೆ. ಗೇರ್ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಬಯಲಲ್ಲಿ ನಿಲ್ಲಿಸಿ. ಒರಿಜಿನಲ್ ಕೀಯನ್ನ ಇಗ್ನಿಷನ್ ತೂತಿನ ಪಕ್ಕದಲ್ಲಿ ತಾಗಿಸಿ ಹಿಡ್ಕೊಳ್ಳಿ, ಒಳಗೆ ಹಾಕಬೇಡಿ, ಹಾಗೇ ಹಿಡಿದು ರಿಮೋಟಲ್ಲಿ ಸ್ಟಾರ್ಟ್ ಮಾಡಿ. ಈಗ ಇಂಜಿನ್ ಓಡ್ತಾನೇ ಇದ್ರೆ ದೋಷ ಇಮೊಬಿಲೈಸರ್ ಬೈಪಾಸಿಂದು, ಅಂದ್ರೆ ಕೀ ಇಲ್ಲದಿದ್ರೂ ಇದೆ ಅಂತ ಗಾಡಿಗೆ ತೋರಿಸೋ ಏರ್ಪಾಡಿಂದು. ಆಗಲೂ ಆಫ್ ಆದ್ರೆ ಟ್ಯಾಕ್ ವೈರ್ (ಇಂಜಿನ್ ತಿರುಗ್ತಿರೋ ವೇಗ ಬಾಕ್ಸಿಗೆ ಹೇಳೋದು) ಅಥವಾ ವೋಲ್ಟೇಜ್ ಸೆನ್ಸಿಂಗ್ ಕಡೆ ಹೋಗಿ, ಬಾಕ್ಸಿಗೆ ಟ್ಯಾಕ್ ಮತ್ತೆ ಕಲಿಸಿ ನೋಡಿ, ವೋಲ್ಟೇಜ್ ನೋಡಿ ತೀರ್ಮಾನ ಮಾಡೋ ಕಿಟ್ ಆದ್ರೆ ಬ್ಯಾಟರಿ ವೀಕ್ ಇದ್ದಾಗ ಹೀಗೆ ಆಗೇ ಆಗುತ್ತೆ. ಡೀಸೆಲ್ ಗಾಡಿಯಾದ್ರೆ ಗ್ಲೋ ಪ್ಲಗ್ ಬಿಸಿ ಆಗೋವರೆಗೆ ಕಾಯೋ ಸೆಟ್ಟಿಂಗ್ ಹಾಕಿದ್ದಾರಾ ಅಂತಲೂ ನೋಡ್ಕೊಳ್ಳಿ.

ನಮ್ಮ ಗಾಡಿ ಕೀ ಹತ್ರ ಹಿಡಿದ್ರೆ ಓಡ್ತು. ಸ್ಟೇರಿಂಗ್ ಕವರ್ ಬಿಚ್ಚಿದೆ. ಬೈಪಾಸಿಗೆ ಎರಡನೇ ಕೀಯನ್ನ ಒಂದು ಸಣ್ಣ ಡಬ್ಬಿಯಲ್ಲಿಟ್ಟು, ಆ ಡಬ್ಬಿಯ ವೈರನ್ನ ಕೀ ತೂತಿನ ಸುತ್ತ ಇರೋ ರಿಂಗ್ ಆಂಟೆನಾ ಮೇಲೆ ಸುತ್ತಿರ್ತಾರೆ, ರಿಮೋಟ್ ಸ್ಟಾರ್ಟ್ ಆದಾಗ ಮಾತ್ರ ಒಳಗಿನ ರಿಲೇ ಅದನ್ನ ಸೇರಿಸುತ್ತೆ, ಗಾಡಿಗೆ ಕೀ ಬಂದ ಹಾಗೆ ಅನ್ಸುತ್ತೆ. ಇಲ್ಲಿ ಆ ಸುತ್ತುಗಳು ರಿಂಗಿನಿಂದ ಹಿಂದಕ್ಕೆ ಜಾರಿ ಲೋಹದ ಸಿಲಿಂಡರ್ ಮೇಲೆ ಕೂತಿದ್ವು. ಮುಂದಕ್ಕೆ ತಂದು ಬಿಗಿಯಾಗಿ ಎಂಟು ಸುತ್ತು ಹಾಕಿ ಟೇಪ್ ಮಾಡಿದೆ, ಹತ್ತಕ್ಕೆ ಹತ್ತು ಸಲ ಸ್ಟಾರ್ಟ್ ಆಯ್ತು. ಚಿಕ್ಕಪ್ಪ ಜಗಲಿ ಮೇಲೆ ನಿಂತ್ಕೊಂಡು ರಿಮೋಟ್ ಒತ್ತಿ ಒತ್ತಿ ಖುಷಿ ಪಟ್ರು.

ಹ್ಯಾಂಡ್‌ಬ್ರೇಕ್ ವೈರ್

ಕೆಲಸ ಮುಗೀತು ಅನ್ನೋ ಮುಂಚೆ ರಿಮೋಟಲ್ಲಿ ಸ್ಟಾರ್ಟ್ ಆಗಿರೋ ಇಂಜಿನ್ ಬ್ರೇಕ್ ಪೆಡಲ್ ಒತ್ತಿದ್ರೆ ಆಫ್ ಆಗಬೇಕು, ಬಾನೆಟ್ ಎತ್ತಿದ್ರೆ ಆಫ್ ಆಗಬೇಕು, ಹ್ಯಾಂಡ್‌ಬ್ರೇಕ್ ಇಳಿಸಿದ್ರೆ ಆಫ್ ಆಗಬೇಕು, ಈ ಮೂರನ್ನೂ ಮಾಡಿ ನೋಡ್ಬೇಕು. ಬ್ರೇಕಿಗೆ ಆಫ್ ಆಯ್ತು. ಬಾನೆಟ್ಟಿಗೆ ಆಫ್ ಆಯ್ತು. ಹ್ಯಾಂಡ್‌ಬ್ರೇಕ್ ಇಳಿಸಿದೆ, ಇಂಜಿನ್ ಓಡ್ತಾನೇ ಇತ್ತು.

ವೈರ್ ಹಿಡ್ಕೊಂಡು ಹೋದೆ. ಹ್ಯಾಂಡ್‌ಬ್ರೇಕ್ ಸ್ವಿಚ್ಚಿಗೆ ಹೋಗಬೇಕಾದ ವೈರನ್ನ ಡ್ಯಾಶ್ ಕೆಳಗೆ ಒಂದು ಸ್ಕ್ರೂ ಹಾಕಿ ಬಾಡಿಗೆ ಅರ್ಥ್ ಮಾಡಿದ್ರು. ಅಂದ್ರೆ ಬಾಕ್ಸಿನ ಲೆಕ್ಕದಲ್ಲಿ ಹ್ಯಾಂಡ್‌ಬ್ರೇಕ್ ಯಾವಾಗಲೂ ಎಳೆದೇ ಇದೆ. ಇದನ್ನ ನೋಡಿ ನಂಗೆ ಕೈ ನಡುಗಿತು, ಸುಳ್ಳಲ್ಲ. ನಮ್ಮ ಕಡೆ ಇಳಿಜಾರಲ್ಲಿ ಗಾಡಿ ನಿಲ್ಲಿಸೋರು ಫಸ್ಟ್ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಬರೋದು ರೂಢಿ, ಚಿಕ್ಕಪ್ಪನ ಮನೆ ಅಂಗಳವೂ ಇಳಿಜಾರೇ. ಗೇರಲ್ಲಿರೋ ಗಾಡಿಗೆ ಜಗಲಿಯಿಂದ ರಿಮೋಟ್ ಒತ್ತಿದ್ರೆ ಸೆಲ್ಫ್ ಮೋಟರೇ ಗಾಡಿನ ಮುಂದಕ್ಕೆ ನೆಗೆಸುತ್ತೆ, ಇಂಜಿನ್ ಹಿಡ್ಕೊಂಡ್ರೆ ಡ್ರೈವರ್ ಇಲ್ಲದೆ ಹೋಗ್ತಾನೇ ಇರುತ್ತೆ. ಅದೇ ಅಂಗಳದಲ್ಲಿ, ಆ ಬಂಪರಿನ ಎದುರಿಗೆ, ಮೊಮ್ಮಕ್ಕಳು ಇಡೀ ದಿನ ಆಡ್ತಿರ್ತಾರೆ. ಇಷ್ಟು ದಿನ ಇಮೊಬಿಲೈಸರ್ ದೋಷ ಇಂಜಿನ್ನನ್ನ ಎರಡು ಸೆಕೆಂಡಿಗೆ ನಿಲ್ಲಿಸ್ತಾ ಇತ್ತು, ನಾನು ಬೆಳಿಗ್ಗೆಯಷ್ಟೇ ಅದನ್ನ ಸರಿ ಮಾಡಿ ಕೊಟ್ಟಿದ್ದೆ.

ಹ್ಯಾಂಡ್‌ಬ್ರೇಕ್ ವೈರ್ ಸರಿಯಾಗಿ ಕೊಟ್ರೂ ಮ್ಯಾನುಯಲ್ ಗಾಡಿಗೆ ಅಷ್ಟೇ ಸಾಲದು, ಅದು ಬ್ರೇಕ್ ಎಳೆದಿದೆ ಅಂತ ಹೇಳುತ್ತೆ, ಗೇರ್ ನ್ಯೂಟ್ರಲ್ ಇದೆ ಅಂತ ಹೇಳಲ್ಲ. ಅದಕ್ಕೇ ಒಳ್ಳೇ ಕಿಟ್‌ಗಳಲ್ಲಿ ರೆಡಿ ಮೋಡ್ ಅಂತ ಇರುತ್ತೆ: ಇಂಜಿನ್ ಓಡ್ತಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು, ಕೆಳಗಿಳಿದು ಬಾಗಿಲು ಮುಚ್ಚಿ ಲಾಕ್ ಮಾಡಿದ ಮೇಲೇ ಇಂಜಿನ್ ಆಫ್ ಆಗೋದು. ಡ್ರೈವರ್ ಕ್ಲಚ್ ಬಿಟ್ಟು ಇಳಿದ ಮೇಲೂ ಇಂಜಿನ್ ಓಡ್ತಿತ್ತು ಅಂದ್ರೆ ಗೇರ್ ನ್ಯೂಟ್ರಲ್ ಇದ್ದೇ ಇರಬೇಕು ಅನ್ನೋದು ಅದರ ಲೆಕ್ಕ. ಆಮೇಲೆ ಯಾವ ಬಾಗಿಲು ತೆರೆದ್ರೂ ರೆಡಿ ಮೋಡ್ ರದ್ದಾಗುತ್ತೆ, ಮುಂದಿನ ಸಲ ರಿಮೋಟ್ ಸ್ಟಾರ್ಟ್ ಕೆಲಸ ಮಾಡಲ್ಲ. ಕ್ಲಚ್ ಒತ್ತಿದ್ರೆ ಮಾತ್ರ ಸೆಲ್ಫ್ ಹೊಡೆಯೋ ಗಾಡಿಗಳಲ್ಲಿ ಆ ಕ್ಲಚ್ ಸ್ವಿಚ್ಚನ್ನೂ ಕಿಟ್ ಹಾಕುವಾಗ ಬೈಪಾಸ್ ಮಾಡಿರ್ತಾರೆ, ಅಲ್ಲಂತೂ ರೆಡಿ ಮೋಡ್ ಇಲ್ಲದೆ ರಿಮೋಟ್ ಸ್ಟಾರ್ಟ್ ಇಡಲೇಬಾರದು. ಮುಚ್ಚಿದ ಶೆಡ್ಡಲ್ಲಿ, ಬೇಸ್‌ಮೆಂಟಲ್ಲಿ ನಿಲ್ಲಿಸೋರು ಆಟೋಮ್ಯಾಟಿಕ್ ಗಾಡಿಯಾದ್ರೂ ಬಳಸಬೇಡಿ, ಹೊಗೆಯಲ್ಲಿರೋ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ.

ಚಿಕ್ಕಪ್ಪನ ಕಿಟ್ಟಲ್ಲಿ ರೆಡಿ ಮೋಡ್ ಇರಲಿಲ್ಲ. "ಇಷ್ಟು ಖರ್ಚು ಮಾಡಿ ಹಾಕ್ಸಿದ್ದು ಮಾರಾಯ, ಜಾಗ್ರತೆಯಿಂದ ಒತ್ತಿದ್ರೆ ಆಗೋದಿಲ್ವಾ" ಅಂತ ಕೇಳಿದ್ರು. ಚಿಕ್ಕಪ್ಪ, ನೀವು ಜಾಗ್ರತೆ ಮಾಡ್ತೀರಿ, ಆದ್ರೆ ರಿಮೋಟ್ ಮೊಳೆಗೆ ನೇತು ಹಾಕಿರ್ತೀರಲ್ಲ, ಅದು ಮಕ್ಕಳ ಕೈಗೂ ಸಿಗುತ್ತೆ ಅಂದೆ. ಅವರು ಆಮೇಲೆ ಮಾತಾಡಲಿಲ್ಲ. ಬಾಕ್ಸಿಂದ ಸೆಲ್ಫಿಗೆ ಹೋಗೋ ಔಟ್‌ಪುಟ್ ವೈರ್ ಬಿಡಿಸಿ, ತುದಿಗೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಮುಚ್ಚಿ, ಡಬ್ಬಿಯಲ್ಲಿದ್ದ ಎರಡನೇ ಕೀ ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟೆ. ಅಲಾರಂ, ಸೆಂಟ್ರಲ್ ಲಾಕ್, ಸ್ಟಾರ್ಟರ್ ಕಟ್ ಮೂರೂ ಹಾಗೇ ಇದಾವೆ. ಆರು ದಿನ ನಿಂತ ಮೇಲೆ ಬೆಳಿಗ್ಗೆ ಚಿಕ್ಕಪ್ಪನೇ ಮೀಟರ್ ಇಟ್ಟು ಫೋನ್ ಮಾಡಿದ್ರು, 12.5 ಇತ್ತು.